ನಮ್ಮ ಗುಡ್ಡದ ಬೆಂಕಿ ತಂಡ: ಹೇಗೆ ಹುಟ್ಟಿತು, ಎಷ್ಟು ಕೆಲಸಕ್ಕೆ ಬರುತ್ತದೆ

ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಆಲ್ದೂರಿನಿಂದ ಆಚೆಗೆ, ಗುಡ್ಡದ ಬುಡದಲ್ಲಿರುವ ನಮ್ಮ ಐದಾರು ಹಳ್ಳಿಗಳಲ್ಲಿ ಎಲ್ಲಿಯಾದರೂ ಬೆಂಕಿ ಬಿದ್ದರೆ ಈಗ ಎಲ್ಲರಿಗಿಂತ ಮೊದಲು ಸ್ಥಳಕ್ಕೆ ತಲುಪುವುದು ಊರಿನವರೇ ಕಟ್ಟಿಕೊಂಡಿರುವ ಒಂದು ತಂಡ. ಅದಕ್ಕೆ ನೋಂದಾಯಿತ ಹೆಸರಿಲ್ಲ, ಕಚೇರಿಯಿಲ್ಲ, ಸಂಬಳ ಪಡೆಯುವವರು ಒಬ್ಬರೂ ಇಲ್ಲ; ಜನ ಅದನ್ನು ‘ಬೆಂಕಿ ತಂಡ’ ಎಂದಷ್ಟೇ ಕರೆಯುತ್ತಾರೆ. ಕಾಫಿ, ಮೆಣಸು, ಸ್ವಲ್ಪ ಗದ್ದೆ ಇಟ್ಟುಕೊಂಡಿರುವ ನಾನು ಈ ತಂಡದ ಸದಸ್ಯನಲ್ಲ, ಅದರ ಸೇವೆ ಪಡೆದವನು. ವರ್ಷಕ್ಕೊಮ್ಮೆ ವಂತಿಗೆ ಕೊಡುವ ಮನೆಗಳಲ್ಲಿ ನಮ್ಮದೂ ಒಂದು. ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯ ಪರಿಚಯದವರು ಇಂಥದ್ದೊಂದನ್ನು ತಮ್ಮಲ್ಲೂ ಮಾಡಬಹುದೇ, ಅದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುತ್ತಿರುವುದರಿಂದ ಅದು ಹುಟ್ಟಿದ ಬಗೆಯನ್ನೂ ಅದರ ಕೆಲಸದ ಗುಣದೋಷಗಳನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ, ಏಕೆಂದರೆ ಈ ತಂಡದ ಬಲವೂ ಕೊರತೆಯೂ ಅದು ಹುಟ್ಟಿದ ರೀತಿಯಿಂದಲೇ ಬಂದಿವೆ.

ಸರ್ಕಾರದ ಅಗ್ನಿಶಾಮಕ ಠಾಣೆಗಳು ಹೆಚ್ಚಾಗಿ ತಾಲ್ಲೂಕು ಕೇಂದ್ರಗಳಲ್ಲಿವೆ. 101ಕ್ಕೋ 112ಕ್ಕೋ ಕರೆ ಹೋದರೆ ಅಲ್ಲಿಯ ಸಿಬ್ಬಂದಿ ತಡಮಾಡದೆ ಹೊರಡುತ್ತಾರೆ, ಅವರ ಶ್ರದ್ಧೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಸಾವಿರಾರು ಲೀಟರ್ ನೀರು ಹೊತ್ತ ಭಾರಿ ವಾಹನ 20 ಕಿಲೋಮೀಟರಿಗೂ ಹೆಚ್ಚು ದೂರದ ತಿರುವು ರಸ್ತೆಯಲ್ಲಿ ಬಂದು, ಅಲ್ಲಿಂದ ತೋಟದ ಮಣ್ಣುದಾರಿ ಹಿಡಿದು, ಕಾಫಿಗೆ ನೆರಳಾಗಿ ಬೆಳೆಸುವ ಸಿಲ್ವರ್ ಓಕ್ ಮರಗಳ ನಡುವೆ ತಿರುಗಲು ಜಾಗ ಹುಡುಕುವಷ್ಟರಲ್ಲಿ ಒಣಹುಲ್ಲಿನ ಬಣವೆಯಾಗಲಿ ಹೆಂಚಿನ ಕೊಟ್ಟಿಗೆಯಾಗಲಿ ಉಳಿದಿರುವುದಿಲ್ಲ. ಇನ್ನು ಗುಡ್ಡದ ನೆತ್ತಿಯ ಹುಲ್ಲುಗಾವಲಿಗೆ ಯಾವ ವಾಹನವೂ ಹೋಗಲಾರದು. ಸಂಕ್ರಾಂತಿ ಕಳೆದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗೆ ಆ ಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತದೆ. ತೋಟದೊಳಗೆ ಸಿಲ್ವರ್ ಎಲೆಯ ದರಗು ಕಾಲು ಮುಳುಗುವಷ್ಟು ಬಿದ್ದಿರುತ್ತದೆ. ಮಲೆನಾಡೆಂದರೆ ಸದಾ ಹಸಿರು, ಇಲ್ಲಿ ಬೆಂಕಿಯೇನು ಮಾಡೀತು ಎಂದುಕೊಳ್ಳುವ ಊರಾಚೆಯವರು ಫೆಬ್ರುವರಿಯಲ್ಲೊಮ್ಮೆ ಇತ್ತ ಬರಬೇಕು.

ಹಿಂದೆ ಬೆಂಕಿ ಬಿದ್ದಾಗ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯಿಂದಲೇ ಈ ತಂಡದ ಚರಿತ್ರೆ ಆರಂಭವಾಗುತ್ತದೆ. ಆಗ ತಂಡವೆಂಬ ಮಾತೇ ಬೇಕಿರಲಿಲ್ಲ. ಗುಡ್ಡದ ಮೇಲೆ ಹೊಗೆ ಕಂಡವನು ಕೂಗು ಹಾಕುತ್ತಿದ್ದ, ಆ ಕೂಗನ್ನು ಕೇಳಿದ ಮನೆಯವರು ಮುಂದಿನ ಮನೆಗೆ ಕೂಗಿ ಹೇಳುತ್ತಿದ್ದರು, ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳ ಆಳುಗಳೂ ಗೌಡರ ಮನೆಯ ಹುಡುಗರೂ ಕತ್ತಿ ಹಿಡಿದು ಹಸಿ ಸೊಪ್ಪಿನ ಕೊಂಬೆ ಕಡಿದುಕೊಳ್ಳುತ್ತ ಒಂದೇ ದಾರಿಯಲ್ಲಿ ಮೇಲೆ ಓಡುತ್ತಿದ್ದರು. ಕೂಗು ಕೇಳಿಯೂ ಬಾರದ ಮನೆಯನ್ನು ಮುಂದಿನ ಹಬ್ಬದವರೆಗೂ ಊರು ನೆನಪಿಟ್ಟುಕೊಳ್ಳುತ್ತಿತ್ತು. ಈ ವ್ಯವಸ್ಥೆಗೆ ಬರಹದ ನಿಯಮವಿರಲಿಲ್ಲವಾದರೂ ಅದು ಕಟ್ಟುನಿಟ್ಟಾಗಿತ್ತು. ಮುಂದೆ ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇದ್ದವರು ಪೇಟೆ ಸೇರಿದರು, ಅವರ ಜಾಗಕ್ಕೆ ಕೊಯ್ಲಿನ ಕಾಲಕ್ಕಷ್ಟೇ ಬಂದು ಹೋಗುವ ಅಸ್ಸಾಂ ಮತ್ತಿತರ ದೂರದ ರಾಜ್ಯಗಳ ಕೆಲಸಗಾರರು ಬಂದರು. ಅವರಿಗೆ ಈ ಗುಡ್ಡದ ದಾರಿ ಗೊತ್ತಿಲ್ಲ, ಗೊತ್ತಿರಬೇಕೆಂದು ಬಯಸುವುದೂ ನ್ಯಾಯವಲ್ಲ. ಹೀಗೆ ಕೂಗುವವರು ಉಳಿದರೂ ಓಡಿಬರುವವರು ಇಲ್ಲವಾದರು.

2019ರ ಫೆಬ್ರುವರಿ ಕೊನೆಯ ವಾರದಲ್ಲಿ ಬಂಡೀಪುರಕ್ಕೆ ಬೆಂಕಿ ಬಿತ್ತು. 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು, ಮೈಸೂರು ಬೆಂಗಳೂರುಗಳಿಂದ ನೂರಾರು ಜನ ಸ್ವಯಂಸೇವಕರು ಸೊಪ್ಪು ಹಿಡಿದು ಕಾಡಿಗೆ ಹೋದರು. ಆ ದೃಶ್ಯಗಳನ್ನು ಟಿವಿಯಲ್ಲಿ ನೋಡಿದ ಬೇಸಿಗೆಯಲ್ಲೇ ನಮ್ಮ ಗುಡ್ಡದ ಒಂದು ಮಗ್ಗುಲೂ ಸುಟ್ಟು, ಬೆಂಕಿ ಕೆಳಗಿನ ಎರಡು ತೋಟಗಳ ಅಂಚಿಗೆ ಇಳಿಯಿತು. ಮೆಣಸಿನ ಬಳ್ಳಿ ಹಬ್ಬಿದ ಮರಗಳು ಬುಡದಲ್ಲಿ ಬೆಂದರೆ ಮರವೊಂದೇ ಹೋಗುವುದಿಲ್ಲ, ಹತ್ತು ಹದಿನೈದು ವರ್ಷ ಬೆಳೆಸಿದ ಬಳ್ಳಿಯೂ ಹೋಗುತ್ತದೆ. ಆ ನಷ್ಟದ ನಂತರ ಶಾಲೆಯ ಜಗಲಿಯಲ್ಲಿ ಒಂದು ಸಭೆ ಸೇರಿತು. ಅಲ್ಲಿ ಮೊದಲು ಬಂದ ಸಲಹೆ ಹಳೆಯ ಟ್ಯಾಂಕರ್ ಲಾರಿಯೊಂದನ್ನು ಕೊಂಡು ಕೆಂಪು ಬಣ್ಣ ಬಳಿಸುವುದು. ಯುವಕರಿಗೆ ಅದರಲ್ಲಿ ಬಹಳ ಉತ್ಸಾಹವಿತ್ತು. ಅರಣ್ಯ ಇಲಾಖೆಯಲ್ಲಿ ಬೇಸಿಗೆಗಳಲ್ಲಿ ಬೆಂಕಿ ಕಾವಲುಗಾರರಾಗಿ ದುಡಿದಿದ್ದ ಹಿರಿಯರೊಬ್ಬರು ಎದ್ದು, “ಲಾರಿ ತಂದು ಎಲ್ಲಿ ನಿಲ್ಲಿಸ್ತೀರಪ್ಪ? ಬೆಂಕಿ ಇರೋದು ಲಾರಿ ಹೋಗದ ಕಡೆ. ಮೊದಲು ಡಿಸೆಂಬರಿನಲ್ಲಿ ಗುಡ್ಡದ ಅಂಚಿನ ಹುಲ್ಲು ಹೊಡೀರಿ, ಆಮೇಲೆ ಮಾತಾಡೋಣ” ಎಂದರು. ಸಭೆಯಲ್ಲಿ ಸ್ವಲ್ಪ ಹೊತ್ತು ಅಸಮಾಧಾನವಾದರೂ ಕೊನೆಗೆ ನಿಂತದ್ದು ಆ ಮಾತೇ. ತಂಡ ಮಾಡಿದ ಮೊದಲ ಕೆಲಸ ಬೆಂಕಿ ಆರಿಸಿದ್ದಲ್ಲ, ಹುಲ್ಲು ಸವರಿದ್ದು. ನನ್ನ ಅಭಿಪ್ರಾಯದಲ್ಲಿ ಈ ತಂಡ ಇಂದಿಗೂ ಉಳಿದುಕೊಂಡಿರುವುದಕ್ಕೆ ಆ ಆರಂಭವೇ ಕಾರಣ. ಬೆಂಕಿ ಬಿದ್ದಾಗ ಮಾತ್ರ ಸೇರುವ ಗುಂಪು ಎರಡು ಮಳೆ ಸರಿಯಾಗಿ ಬಿದ್ದ ವರ್ಷ ಚದುರಿಹೋಗುತ್ತದೆ; ಪ್ರತಿ ಡಿಸೆಂಬರಿಗೂ ಮಾಡಲೇಬೇಕಾದ ಕೆಲಸವಿರುವ ಗುಂಪು ಚದುರುವುದಿಲ್ಲ.

ಸಂಬಳವಿಲ್ಲದ ಬೆಂಕಿ ತಂಡಗಳ ಚರಿತ್ರೆಯನ್ನು ಓದಿದಾಗ ನಮ್ಮವರು ತಿಳಿಯದೆಯೇ ಹಳೆಯ ದಾರಿಯಲ್ಲಿ ನಡೆದಿದ್ದಾರೆ ಎನ್ನಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರ ಡಿಸೆಂಬರ್ 7ರಂದು ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವರ ಗೆಳೆಯರು ಯೂನಿಯನ್ ಫೈರ್ ಕಂಪನಿಯನ್ನು ಆರಂಭಿಸಿದಾಗ ಅವರ ಬಳಿ ಇದ್ದದ್ದು ಚರ್ಮದ ಬಕೆಟ್ಟುಗಳು ಮತ್ತು ಉರಿಯುವ ಮನೆಯಿಂದ ಸಾಮಾನು ಹೊರತರಲು ಗಟ್ಟಿ ಬಟ್ಟೆಯ ಚೀಲಗಳು. ಪ್ರತಿ ಸದಸ್ಯನೂ ಅವನ್ನು ತನ್ನ ಮನೆಯಲ್ಲೇ ಸಿದ್ಧವಾಗಿ ಇಟ್ಟಿರಬೇಕಿತ್ತು. ಸದಸ್ಯರು ಸುಮಾರು 30 ಜನ. ಇನ್ನಷ್ಟು ಜನ ಸೇರಲು ಬಂದಾಗ, ನೀವೇ ಇನ್ನೊಂದು ತಂಡ ಕಟ್ಟಿಕೊಳ್ಳಿ ಎಂದು ಹೇಳಿ ಕಳುಹಿಸಿದರು, ಹಾಗೆಯೇ ಊರಿನಲ್ಲಿ ಒಂದರ ಮೇಲೊಂದು ತಂಡಗಳು ಹುಟ್ಟಿದವು. ತಿಂಗಳ ಸಭೆಗೆ ಬಾರದವರ ಮೇಲೆ ಹಾಕಿದ ಸಣ್ಣ ದಂಡದ ಹಣದಲ್ಲಿ ಏಣಿ, ಕೊಕ್ಕೆ, ಪಂಪುಗಳನ್ನು ಕೊಂಡರು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಂತೂ 1851ರಲ್ಲಿ ವಾಲ್ಪರೈಸೋ ಬಂದರಿನಲ್ಲಿ ಆರಂಭವಾದ ಸ್ವಯಂಸೇವಕ ಪದ್ಧತಿ ಇಂದಿಗೂ ಇಡೀ ದೇಶದ ಪದ್ಧತಿಯಾಗಿದೆ. ರಾಜಧಾನಿಯಲ್ಲಿಯೂ ಬೆಂಕಿ ಆರಿಸುವವರು ಸಂಬಳ ಪಡೆಯದವರೇ. ಈ ಎರಡು ಸಂಗತಿಗಳಲ್ಲಿ ಮೊದಲನೆಯದು ನಮ್ಮ ತಂಡಕ್ಕೆ ನೇರವಾಗಿ ಅನ್ವಯಿಸುತ್ತದೆ. ನಮ್ಮಲ್ಲೂ ಹುಲ್ಲು ಸವರುವ ದಿನ ಬಾರದ ಮನೆಯವರು ಒಂದು ಆಳಿನ ಕೂಲಿಯನ್ನು ಕೊಡಬೇಕು. ಆ ಹಣದಲ್ಲಿಯೇ ಪೆಟ್ರೋಲು, ಟಾರ್ಚು, ಕೈಗವಸುಗಳು ಬರುತ್ತವೆ. ಪಕ್ಕದ ಊರಿನವರು ಸೇರಿಸಿಕೊಳ್ಳಿ ಎಂದಾಗ, ನಿಮ್ಮ ಗುಡ್ಡಕ್ಕೆ ನಿಮ್ಮದೇ ತಂಡವಿರಲಿ, ಉಪಕರಣ ಬೇಕಾದರೆ ಕೊಡುತ್ತೇವೆ ಎಂದರು. ಇದನ್ನು ಕೆಲವರು ಅಹಂಕಾರವೆಂದು ತಿಳಿದರು. ಹತ್ತು ಕಿಲೋಮೀಟರ್ ಆಚೆಯಿಂದ ಬರುವ ತಂಡ ತಡವಾಗಿ ಬರುವ ತಂಡವೇ ಆಗುತ್ತದೆ ಎಂಬುದನ್ನು ಯೋಚಿಸಿದರೆ ಆ ತೀರ್ಮಾನ ಸರಿಯೆಂದು ತಿಳಿಯುತ್ತದೆ.

ಈಗ ಉಪಕರಣಗಳ ವಿಷಯ. ತಂಡದ ಬಳಿ ಇರುವುದರಲ್ಲಿ ಹೊಸದಾಗಿ ಕೊಂಡದ್ದು ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್ ಒಂದೇ, ಉಳಿದದ್ದೆಲ್ಲ ತೋಟಗಳದ್ದು. ದರಗು ಊದುವ ಈ ಬ್ಲೋವರನ್ನು ಅರಣ್ಯ ಇಲಾಖೆಯವರೂ ಬೆಂಕಿ ದಾಟದಂತೆ ಬರಿದು ಮಾಡಿದ ನೆಲದ ಪಟ್ಟಿಗಳಾದ ಬೆಂಕಿ ರೇಖೆಗಳನ್ನು ಚೊಕ್ಕಟ ಮಾಡಲು ಬಳಸುತ್ತಾರೆ. ಪೊರಕೆ ಮತ್ತು ಕುಂಟೆ ಹಿಡಿದು ಹತ್ತಾರು ಜನ ದಿನವಿಡೀ ಮಾಡುವ ಕೆಲಸವನ್ನು ಒಬ್ಬನು ಇದರಿಂದ ಅರ್ಧ ದಿನದಲ್ಲಿ ಮಾಡುತ್ತಾನೆ. ಸಣ್ಣ ಉರಿಯಿರುವ ದರಗಿನ ಬೆಂಕಿಯನ್ನು ಸುಟ್ಟ ಕಡೆಗೇ ಊದಿ ಹಿಂದಕ್ಕೆ ತಳ್ಳಲೂ ಬರುತ್ತದೆ. ಆದರೆ ಉರಿ ಮೊಣಕಾಲಿಗಿಂತ ಎತ್ತರವಿದ್ದರೆ ಇದೇ ಯಂತ್ರ ಅಪಾಯ, ಗಾಳಿ ಬೆಂಕಿಗೆ ಆಹಾರವಾಗಿ ಕಿಡಿ ಮುಂದಕ್ಕೆ ಹಾರುತ್ತದೆ. ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರಿನಷ್ಟು ಟು ಸ್ಟ್ರೋಕ್ ಎಣ್ಣೆ ಬೆರೆಸಬೇಕು, ಅವಸರದಲ್ಲಿ ಬರೀ ಪೆಟ್ರೋಲು ಹಾಕಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹೀಗಾಗಿ ಬೆರೆಸಿದ ಪೆಟ್ರೋಲನ್ನು ಮೊದಲೇ ಗುರುತು ಹಾಕಿದ ಕ್ಯಾನಿನಲ್ಲಿಟ್ಟಿದ್ದಾರೆ. ಸುಮಾರು ಹತ್ತು ಕಿಲೋ ತೂಕದ ಈ ಯಂತ್ರವನ್ನು ಬಿಸಿಲಿನಲ್ಲಿ ಗುಡ್ಡ ಹತ್ತಿಸುವುದು ಸುಲಭವಲ್ಲ; ಬದಲಿ ಜನರಿಲ್ಲದೆ ಇದನ್ನು ಕೊಳ್ಳಬೇಡಿ ಎಂದು ಕೇಳಿದವರಿಗೆ ಹೇಳುತ್ತೇನೆ.

ತಂಡದ ನಿಜವಾದ ಬುದ್ಧಿವಂತಿಕೆ ಕಂಡದ್ದು ನೀರಿನ ವಿಷಯದಲ್ಲಿ. ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಳಸುವ ಎಚ್‌ಟಿಪಿ ಎಂಬ ಒತ್ತಡದ ಪಂಪು ಮತ್ತು ಅದರ ಉದ್ದನೆಯ ಹೋಸ್ ಪೈಪು ನಮ್ಮ ಕಡೆ ಬಹುತೇಕ ತೋಟಗಳಲ್ಲಿವೆ. ಅವುಗಳಿಗೆ ಕೆಲಸವಿರುವುದು ಮಳೆಗಾಲದ ಆಸುಪಾಸಿನಲ್ಲಿ; ಬೆಂಕಿಯ ಕಾಲದಲ್ಲಿ ಅವು ಶೆಡ್ಡಿನ ಮೂಲೆಯಲ್ಲಿ ಖಾಲಿ ಬಿದ್ದಿರುತ್ತವೆ. ತಂಡದವರು ಜನವರಿಯಿಂದ ಮಳೆ ಬರುವವರೆಗೆ ಅಂಥ ಒಂದು ಪಂಪನ್ನು ಪಿಕಪ್ ವಾಹನದಲ್ಲಿ ಸಿಂಟೆಕ್ಸ್ ಟ್ಯಾಂಕಿನ ಜೊತೆಗೆ ಕಟ್ಟಿ ನಿಲ್ಲಿಸಿರುತ್ತಾರೆ. ನೀರು ಹೆಚ್ಚು ದೂರ ಚಿಮ್ಮದಿದ್ದರೂ ಹನಿ ಸಣ್ಣದಾಗಿ ಬೀಳುವುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಕೆಲಸವಾಗುತ್ತದೆ, ಪೈಪು ಹಗುರವಾದ್ದರಿಂದ ಗಿಡಗಳ ನಡುವೆ ಇಬ್ಬರೇ ಎಳೆದುಕೊಂಡು ಹೋಗಬಹುದು. ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯ. ರೊಬಸ್ಟಾ ಗಿಡಗಳಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಹಾಕುವುದೂ ಫೆಬ್ರುವರಿ ಮಾರ್ಚ್ ತಿಂಗಳಲ್ಲೇ. ಅಂದರೆ ಬೆಂಕಿ ಬೀಳುವ ಕಾಲಕ್ಕೆ ಕೆರೆಯ ದಂಡೆಯಲ್ಲಿ ಡೀಸೆಲ್ ಪಂಪ್‌ಸೆಟ್ ಕೂತಿರುತ್ತದೆ, ತೋಟದ ತುಂಬ ಪೈಪುಗಳು ಹರಡಿರುತ್ತವೆ. ಯಾವ ತೋಟದ ಕೆರೆಯಲ್ಲಿ ನೀರಿದೆ, ಯಾರ ಕೃಷಿ ಹೊಂಡ ಬತ್ತಿದೆ, ಪಂಪ್‌ಸೆಟ್ಟಿನ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ತಂಡದವರು ಪ್ರತಿ ಹದಿನೈದು ದಿನಕ್ಕೊಮ್ಮೆ ವಿಚಾರಿಸಿ ಬರೆದಿಡುತ್ತಾರೆ. ನಾನು ನೋಡಿದ ಅವರ ಕೆಲಸಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಆ ನೋಟುಪುಸ್ತಕ.

ಕರೆ ಮಾಡಿದಾಗ ಅವರು ನಡೆದುಕೊಳ್ಳುವ ರೀತಿ ಹೀಗಿದೆ. ಫೋನ್ ಎತ್ತಿದವರು ಗಾಬರಿಯ ಮಾತನ್ನು ತಡೆದು, “ಅಣ್ಣಾ, ಮೊದಲು ಜನ ದನ ಒಳಗಿದ್ದಾರಾ ಹೇಳಿ, ಗಾಳಿ ಯಾವ ಕಡೆಗೆ ಬೀಸ್ತಿದೆ, ಕರೆಂಟ್ ತಂತಿ ಹತ್ತಿರ ಇದೆಯಾ” ಎಂದು ಕೇಳುತ್ತಾರೆ. ಜೊತೆಗೇ 112ಕ್ಕೆ ಕರೆ ಮಾಡಿದ್ದೀರಾ ಎಂದು ವಿಚಾರಿಸಿ, ಮಾಡಿಲ್ಲವಾದರೆ ತಾವೇ ಮಾಡುತ್ತಾರೆ. ತಾವು ಬಂದರೆ ಸಾಕು, ಸರ್ಕಾರದವರು ಬೇಡ ಎಂಬ ಭಾವನೆ ಅವರಲ್ಲಿ ಇಲ್ಲದಿರುವುದು ನನಗೆ ಬಹಳ ಮೆಚ್ಚಿಗೆಯಾದ ಗುಣ. ತಂತಿಯ ವಿಷಯದಲ್ಲಿ ಅವರು ಕಟ್ಟುನಿಟ್ಟು: ಮೆಸ್ಕಾಂನವರಿಂದ ಲೈನ್ ಆಫ್ ಆಗಿದೆ ಎಂಬ ಮಾತು ಬರುವವರೆಗೆ ಯಾರೂ ನೀರು ಚಿಮ್ಮಿಸುವಂತಿಲ್ಲ.

ನಮ್ಮ ಮನೆಯ ಹಿಂದಿನ ಬಣವೆಗೆ ಬೆಂಕಿ ಹತ್ತಿದಾಗ ಅವರ ಕೆಲಸವನ್ನು ಹತ್ತಿರದಿಂದ ಕಂಡೆ. ಬಂದವರು ಬಣವೆಗೆ ನೀರು ಹಾಕಲಿಲ್ಲ. ಮೊದಲು ಕೊಟ್ಟಿಗೆಯ ಹಗ್ಗಗಳನ್ನು ಕಡಿದು ದನಗಳನ್ನು ಹೊರಗೆ ಅಟ್ಟಿದರು, ನಂತರ ಬಣವೆಯ ಕಡೆಗಿದ್ದ ಮಾಡನ್ನೂ ಪಕ್ಕದ ಕಟ್ಟಿಗೆ ರಾಶಿಯನ್ನೂ ತೋಯಿಸಿದರು, ಅದಾದ ಮೇಲೆ ಬಣವೆಗೆ ಕೈ ಹಚ್ಚಿದರು. ನನ್ನ ಮನೆಯವರಿಗೆ ಆ ಹೊತ್ತಿನಲ್ಲಿ ಇದು ಅರ್ಥವಾಗದೆ, ಹುಲ್ಲು ಉರಿಯುತ್ತಿದ್ದರೂ ಗೋಡೆಗೆ ನೀರು ಹಾಕುತ್ತಿದ್ದಾರಲ್ಲ ಎಂದು ಸಿಟ್ಟು ಬಂದಿತ್ತು. ಹತ್ತಿಕೊಂಡ ಬಣವೆಯ ಹುಲ್ಲು ದನಕ್ಕೆ ಮತ್ತೆ ಬರುವುದಿಲ್ಲ; ಉಳಿಸಬೇಕಾದದ್ದು ಇನ್ನೂ ಹತ್ತಿಕೊಳ್ಳದಿರುವುದನ್ನು. ಒತ್ತಾಗಿ ಒಟ್ಟಿದ ಹುಲ್ಲಿನ ಒಳಗೆ ನೀರು ಇಳಿಯದೆ ಮೇಲೆಯೇ ಹರಿದುಹೋಗುತ್ತದೆ, ಒಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ಉದ್ದ ಹಿಡಿಯ ಕೊಕ್ಕೆಗಳಿಂದ ಪದರ ಪದರವಾಗಿ ಎಳೆದು, ಖಾಲಿ ಗದ್ದೆಯಲ್ಲಿ ಹರಡಿ, ಹರಡಿದ್ದನ್ನು ತೋಯಿಸುತ್ತ ಹೋದರು. ಉರಿ ನಿಂತ ಮೇಲೂ ಇಬ್ಬರು ಬೆಳಗಿನವರೆಗೆ ಅಲ್ಲಿಯೇ ಕುಳಿತಿದ್ದು, ಹೊಗೆಯಾಡಿದ ಕಡೆಗೆಲ್ಲ ಮತ್ತೆ ನೀರು ಹಾಕಿದರು. ಬಣವೆ ಹೋಯಿತು, ಕೊಟ್ಟಿಗೆ, ದನ, ಮನೆ ಉಳಿದವು. ಪೇಟೆಯಿಂದ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಕೊನೆಯ ಹಂತದಲ್ಲಿ ಇದೇ ಕ್ರಮವನ್ನು ಮುಂದುವರಿಸಿದರು, ಮನೆಯ ವೈರಿಂಗ್ ಪರೀಕ್ಷಿಸದೆ ಮೈನ್ ಸ್ವಿಚ್ ಹಾಕಬಾರದೆಂದು ಹೇಳಿ ಹೋದರು. ಹಣ ಕೊಡಲು ಹೋದಾಗ ತಂಡದವರು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಕೊಟ್ಟ ಕಾಫಿ ತಿಂಡಿಯನ್ನು ಮಾತ್ರ ಬೇಡವೆನ್ನಲಿಲ್ಲ.

ಗುಡ್ಡದ ಕೆಲಸ ಬೇರೆಯೇ ಬಗೆಯದು. ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು, ಡಿಸೆಂಬರ್ ಮುಗಿಯುವುದರೊಳಗೆ ಗುಡ್ಡ ಮತ್ತು ತೋಟಗಳ ನಡುವಿನ ಅಂಚಿನಲ್ಲಿ ಹುಲ್ಲು ಹೊಡೆದು, ಲಂಟಾನದ ಪೊದೆ ಕಿತ್ತು, ಮೂರು ನಾಲ್ಕು ಮೀಟರ್ ಅಗಲದ ಬರಿ ನೆಲ ಮಾಡುತ್ತಾರೆ. ಜನವರಿಯಿಂದ ಆಗಾಗ ಬ್ಲೋವರಿನಿಂದ ಬಿದ್ದ ದರಗನ್ನು ಊದಿ ಸರಿಸುತ್ತಾರೆ. ಇದು ಗೋಮಾಳ ಮತ್ತು ಸ್ವಂತ ಜಾಗದಲ್ಲಿ ಮಾತ್ರ. ಮೀಸಲು ಅರಣ್ಯದೊಳಗೆ ರೇಖೆ ಮಾಡುವುದು ಇಲಾಖೆಯ ಕೆಲಸ, ಅಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಬರುವ ಉರಿಗೆ ಆಹಾರ ಸಿಗದಂತೆ ಮುಂದಿನ ಹುಲ್ಲನ್ನು ಮೊದಲೇ ಸುಡುವ, ಅಂದರೆ ಎದುರು ಬೆಂಕಿ ಕೊಡುವ ಕ್ರಮವನ್ನು ಹಿರಿಯರು ಬಲ್ಲರಾದರೂ ತಂಡ ಅದನ್ನು ಕೈಬಿಟ್ಟಿದೆ; ಇಲಾಖೆಯವರು ಸ್ಥಳದಲ್ಲಿದ್ದು ಹೇಳಿದರೆ ಮಾತ್ರ ಜೊತೆಗೂಡುತ್ತದೆ. ಈ ವಿವೇಕವನ್ನು ನಾನು ಹೊಗಳಲೇಬೇಕು, ಏಕೆಂದರೆ ಗಾಳಿ ತಿರುಗಿದ ಒಂದು ಗಳಿಗೆಯಲ್ಲಿ ಎದುರು ಬೆಂಕಿ ಕೊಟ್ಟವರೇ ಬೆಂಕಿ ಹಚ್ಚಿದವರಾಗುತ್ತಾರೆ.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ಮೂಲಕ ಕಂಡ ಬೆಂಕಿಯ ಎಚ್ಚರಿಕೆಯನ್ನು ಮೊಬೈಲಿಗೆ ಕಳುಹಿಸುತ್ತದೆ, ಆಸಕ್ತರು ಯಾರಾದರೂ ಅದಕ್ಕೆ ನೋಂದಾಯಿಸಿಕೊಳ್ಳಬಹುದು. ತಂಡದ ಇಬ್ಬರು ನೋಂದಾಯಿಸಿಕೊಂಡಿದ್ದಾರೆ. ಇದನ್ನೇ ನೆಚ್ಚಿಕೊಂಡು ಕೂರಬಾರದೆಂದು ಓದುಗರಿಗೆ ತಿಳಿಸಬಯಸುತ್ತೇನೆ. ಉಪಗ್ರಹ ದಿನಕ್ಕೆ ಕೆಲವೇ ಬಾರಿ ನಮ್ಮ ಮೇಲೆ ಹಾದುಹೋಗುತ್ತದೆ, ಹೆಚ್ಚು ಸೂಕ್ಷ್ಮವಾದ ವೀರ್ಸ್ ಸಂವೇದಕವೂ ನೆಲವನ್ನು ನೋಡುವುದು 375 ಮೀಟರಿನ ಚೌಕಗಳಲ್ಲಿ, ಸಂದೇಶ ಬರುವಷ್ಟರಲ್ಲಿ ಹುಲ್ಲಿನ ಬೆಂಕಿ ಒಂದು ಮಗ್ಗುಲು ದಾಟಿರುತ್ತದೆ. ಒಳಗಾಡಿನಲ್ಲಿ ಯಾರೂ ಕಾಣದ ಬೆಂಕಿಯನ್ನು ತಿಳಿಯಲು ಅದು ಉಪಯುಕ್ತ. ಊರಂಚಿನ ಬೆಂಕಿಗೆ ದನ ಮೇಯಿಸುವವರ ಕಣ್ಣು ಮತ್ತು ಒಂದು ಫೋನ್ ಕರೆಯೇ ಬೇಗದ ದಾರಿ.

ಇನ್ನು ನನ್ನ ಆಕ್ಷೇಪಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲನೆಯದು ಜೀವದ ವಿಷಯ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2023ರ ಫೆಬ್ರುವರಿಯಲ್ಲಿ ನಮಗೆ ಇನ್ನೂ ಹತ್ತಿರದ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಅವರು ಇದೇ ಕೆಲಸದಲ್ಲಿ ಪಳಗಿದವರು. ಹಾಗಿರುವಾಗ ನಮ್ಮ ಹುಡುಗರು ಪಾಲಿಯೆಸ್ಟರ್ ಟೀ ಶರ್ಟು ಮತ್ತು ಹವಾಯಿ ಚಪ್ಪಲಿಯಲ್ಲಿ ಗುಡ್ಡ ಹತ್ತುವುದನ್ನು ನೋಡಿದಾಗ ಮೈ ನಡುಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ. ಮೈ ಮುಚ್ಚುವ ದಪ್ಪ ಹತ್ತಿ ಬಟ್ಟೆ ಮತ್ತು ಚರ್ಮದ ಬೂಟು ಇಲ್ಲದವರನ್ನು ಮೇಲೆ ಬಿಡುವುದಿಲ್ಲ ಎಂಬ ನಿಯಮ ತಂಡದಲ್ಲಿದೆ. ಅವಸರದಲ್ಲಿ ಅದನ್ನು ಪಾಲಿಸುವುದಿಲ್ಲ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆಲ್ಲ ಮೇಲೇರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಈ ಕೆಲಸ ಬಲ್ಲವರ ಲೆಕ್ಕ. ಉರಿಯ ಮೇಲ್ಭಾಗದಲ್ಲಿ ಯಾರೂ ನಿಲ್ಲಬಾರದು, ಬೆನ್ನಿಗೆ ಸದಾ ಸುಟ್ಟು ಆರಿದ ಜಾಗವಿರಬೇಕು, ಒಬ್ಬ ಅನುಭವಸ್ಥ ಕೆಲಸ ಮಾಡದೆ ದೂರದಲ್ಲಿ ನಿಂತು ಗಾಳಿಯನ್ನಷ್ಟೇ ನೋಡುತ್ತಿರಬೇಕು. ಕೊನೆಯ ನಿಯಮವನ್ನು ತಂಡ ಚೆನ್ನಾಗಿ ಪಾಲಿಸುತ್ತದೆ, ಹಾಗೆ ಗಾಳಿ ನೋಡುತ್ತ ನಿಲ್ಲುವ ಹಿರಿಯರ ಸೀಟಿ ಕೇಳಿದರೆ ಎಲ್ಲರೂ ಕೆಳಗಿಳಿಯುತ್ತಾರೆ. ಆದರೆ ಅವರಿಗೆ ವಯಸ್ಸಾಗಿದೆ, ಅವರ ಜಾಗದಲ್ಲಿ ನಿಲ್ಲುವವರನ್ನು ಇನ್ನೂ ತಯಾರು ಮಾಡಿಲ್ಲ.

ವಿಮೆಯ ಬಗ್ಗೆಯೂ ತೃಪ್ತಿಯಿಲ್ಲ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಎಲ್ಲ ಸದಸ್ಯರಿಗೂ ಕಡ್ಡಾಯ ಮಾಡಿರುವುದು ಒಳ್ಳೆಯದೇ. ಅದರಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ, ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರವಿದೆ. ಸುಟ್ಟಗಾಯದ ಆಸ್ಪತ್ರೆ ಖರ್ಚು ಅದರಲ್ಲಿ ಬರುವುದಿಲ್ಲ. ಊರಿಗಾಗಿ ಓಡಿದವನ ಚಿಕಿತ್ಸೆಗೆ ಊರು ಒಂದು ನಿಧಿಯನ್ನಾದರೂ ಇಡಬೇಕು. ತೋಟವಿರುವ ನಾವು ಎಕರೆಗೆ ಇಷ್ಟೆಂದು ಹಾಕಿಕೊಂಡರೆ ಅದು ದೊಡ್ಡ ಮಾತಲ್ಲ. ಇದುವರೆಗೆ ಹಾಗೆ ಮಾಡದಿರುವುದು ತಂಡದ ಲೋಪವಲ್ಲ, ಅದರ ಸೇವೆ ಪಡೆಯುವ ನಮ್ಮೆಲ್ಲರ ಲೋಪ.

ಎರಡನೆಯದು ಹೆಂಗಸರ ವಿಷಯ. ಹಗಲು ಹೊತ್ತಿನಲ್ಲಿ ಗಂಡಸರು ಪೇಟೆಗೋ ಬ್ಯಾಂಕಿಗೋ ಹೋಗಿರುವಾಗ ಹೊಗೆಯನ್ನು ಮೊದಲು ಕಾಣುವವರು, ಫೋನ್ ಮಾಡುವವರು, ಕೊಡಗಳಲ್ಲಿ ಮೊದಲ ನೀರು ಸುರಿಯುವವರು ಮನೆಯ ಮತ್ತು ಗದ್ದೆಯ ಹೆಂಗಸರು. ನೋಟುಪುಸ್ತಕದ ನೀರಿನ ಲೆಕ್ಕವನ್ನು ಬರೆಯುವವರೂ ಊರಿನ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ. ಆದರೂ ಸದಸ್ಯರ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ, ತರಬೇತಿಗೆ ಅವರನ್ನು ಕರೆದಿಲ್ಲ. ಅಡುಗೆ ಮನೆಯ ಸಿಲಿಂಡರ್ ಬೆಂಕಿಗೆ ಒದ್ದೆ ಗೋಣಿ ಮುಚ್ಚಿ ರೆಗ್ಯುಲೇಟರ್ ಆರಿಸುವುದನ್ನು ಕಲಿಯಬೇಕಾದವರನ್ನೇ ಹೊರಗಿಟ್ಟು ಮಾಡುವ ತರಬೇತಿ ಅರ್ಧದ್ದು. ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ತಣ್ಣೀರು ಹರಿಸಬೇಕೆಂಬ ಮಾತೂ ಮನೆಮನೆಗೆ ತಲುಪಬೇಕಾದದ್ದು ಅವರ ಮೂಲಕವೇ.

ಸಣ್ಣ ಕೊರತೆಗಳು ಇನ್ನೂ ಇವೆ. ಗುಡ್ಡದ ಹಿಂಬದಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಅಲ್ಲಿಗೆ ಹೋದವರಿಗೂ ಕೆಳಗಿನವರಿಗೂ ಸಂಪರ್ಕ ತಪ್ಪುತ್ತದೆ. ಬೆಂಕಿಯ ಮುಂದೆ ನಿಂತು ವಿಡಿಯೋ ಮಾಡುವವರು ಹೆಚ್ಚಿದ್ದಾರೆ. ಕೊಯ್ಲಿನ ದಿನಗಳಲ್ಲಿ ಹತ್ತು ಜನ ಸೇರುವುದೂ ಕಷ್ಟ, ಭಾನುವಾರವಾದರೆ ಮೂವತ್ತು ಜನ ಬರುತ್ತಾರೆ.

ಇಂಥ ತಂಡ ಕಟ್ಟಬೇಕೆನ್ನುವವರು ಆಲೂರು, ಬೇಲೂರು ಕಡೆಯವರಾದರೆ ಗುಡ್ಡಕ್ಕಿಂತ ಬಣವೆ ಮತ್ತು ರಸ್ತೆಯ ಮೇಲಿನ ಒಕ್ಕಣೆಯ ಹುಲ್ಲಿಗೆ ಹೆಚ್ಚು ಸಿದ್ಧರಾಗಬೇಕಾಗುತ್ತದೆ. ಅಲ್ಲಿ ಬ್ಲೋವರ್ ಅಷ್ಟಾಗಿ ಬೇಕಿಲ್ಲ, ಟ್ರ್ಯಾಕ್ಟರ್ ಟ್ಯಾಂಕರ್ ಮತ್ತು ಉದ್ದ ಕೊಕ್ಕೆಗಳು ಬೇಕು. ಗ್ರಾಮ ಅರಣ್ಯ ಸಮಿತಿ ಇರುವ ಊರುಗಳಲ್ಲಿ ಅದರ ಜೊತೆಗೂಡಿಯೇ ಆರಂಭಿಸುವುದು ಲೇಸು, ಅರಣ್ಯ ಇಲಾಖೆಯೊಡನೆ ಮಾತು ಸುಲಭವಾಗುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸ್ವಯಂಸೇವಕರನ್ನು ತಯಾರು ಮಾಡುವ ಆಪದ ಮಿತ್ರ ಯೋಜನೆಯಲ್ಲಿ ಊರಿನ ಯಾರಾದರೂ ತರಬೇತಿ ಪಡೆದಿದ್ದರೆ ಅವರನ್ನು ಮೊದಲು ಹುಡುಕಿ. ತರಬೇತಿಗೆ ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹ ಒಳ್ಳೆಯ ಸಂದರ್ಭ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡಾಗ ಮಡಿದ 66 ಅಗ್ನಿಶಾಮಕರ ನೆನಪಿಗೆ ನಡೆಯುವ ಆ ವಾರದಲ್ಲಿ ಠಾಣೆಗಳ ಸಿಬ್ಬಂದಿ ಶಾಲೆ, ಊರುಗಳಿಗೆ ಬಂದು ಪ್ರಾತ್ಯಕ್ಷಿಕೆ ಕೊಡುತ್ತಾರೆ. ಆದರೆ ಆ ಹೊತ್ತಿಗೆ ನಮ್ಮ ಬೆಂಕಿಯ ಕಾಲ ಮುಗಿಯುತ್ತ ಬಂದಿರುತ್ತದೆ. ಅದಕ್ಕಾಗಿ ನಮ್ಮ ತಂಡದವರು ನವೆಂಬರಿನಲ್ಲಿಯೇ ಠಾಣೆಗೆ ಪತ್ರ ಬರೆದು ಹುಲ್ಲು ಹೊಡೆಯುವ ವಾರಕ್ಕೆ ಅವರನ್ನು ಕರೆಸಿಕೊಳ್ಳುತ್ತಾರೆ. ಈ ಸಲದ ಪತ್ರದಲ್ಲಿ ಹೆಂಗಸರಿಗೂ ಒಂದು ದಿನದ ತರಬೇತಿ ಬೇಕೆಂಬ ಸಾಲನ್ನು ಸೇರಿಸಬೇಕೆಂದು ವಂತಿಗೆ ಕೊಡುವ ಮನೆಯವರೆಲ್ಲ ಸಹಿ ಮಾಡಿ ತಂಡಕ್ಕೆ ಕೊಟ್ಟಿದ್ದೇವೆ.